ತೇರು, ಜಯಂತಿ, ಗುದ್ದಲಿ ಪೂಜೆ: ಯಾದಗಿರಿ ಸೀಮೆಯ ಶಾಸಕರು ಮತ್ತು ಸಮಾರಂಭಗಳು

ಯಾದಗಿರಿ: ಶಾಸಕರೆಂದರೆ ವಿಧಾನಸಭೆಯಲ್ಲಿ ಕ್ಷೇತ್ರದ ಪರವಾಗಿ ದನಿಯೆತ್ತುವವರು, ಶಾಸನ ರೂಪಿಸುವವರು ಎಂಬುದು ಪಠ್ಯಪುಸ್ತಕದ ವ್ಯಾಖ್ಯೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಈ ವ್ಯಾಖ್ಯೆಗೆ ಇನ್ನಷ್ಟು ಸೇರ್ಪಡೆಗಳಿವೆ. ಊರ ತೇರಿಗೆ ಬರುವವರು, ಮದುವೆಯಲ್ಲಿ ಅಕ್ಷತೆ ಹಾಕುವವರು, ಸಾವಿನ ಮನೆಯಲ್ಲಿ ಒಂದು ಗಳಿಗೆ ಕುಳಿತು ಸಾಂತ್ವನ ಹೇಳುವವರು ಎಂಬ ನಿರೀಕ್ಷೆಯೂ ಇಲ್ಲಿ ಶಾಸಕರ ಮೇಲಿದೆ. ಐದು ವರ್ಷಗಳಲ್ಲಿ ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದರು ಎಂಬ ಲೆಕ್ಕ ಇಡುವವರು ವಿರಳ. ಜಾತ್ರೆಗೆ ಬರಲಿಲ್ಲ ಎಂಬುದನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಇದನ್ನು ಕೇವಲ ಮತ ಗಳಿಕೆಯ ತಂತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಶೇ 51.83. ಅದು ರಾಜ್ಯದಲ್ಲೇ ಅತಿ ಕಡಿಮೆ. ಅರ್ಜಿ ಬರೆಯಲು ಮತ್ತೊಬ್ಬರ ನೆರವು ಬೇಡುವ, ಕೆಲಸ ಅರಸಿ ಗುಳೆ ಹೋಗುವ ಕುಟುಂಬಗಳಿಗೆ ಕಚೇರಿಯ ಮೆಟ್ಟಿಲಿಗಿಂತ ಜಾತ್ರೆಯ ವೇದಿಕೆಯೇ ಹತ್ತಿರ. ಆದ್ದರಿಂದ ಯಾವ ಸಮಾರಂಭಕ್ಕೆ ಶಾಸಕರು ಬರುತ್ತಾರೆ, ಬಂದು ಏನು ಹೇಳುತ್ತಾರೆ, ಯಾವುದನ್ನು ಕಂಡೂ ಸುಮ್ಮನಿರುತ್ತಾರೆ ಎಂಬುದಕ್ಕೆ ಇಲ್ಲಿ ಹೆಚ್ಚಿನ ಮಹತ್ವ ಪ್ರಾಪ್ತವಾಗಿದೆ.

ಕ್ಷೇತ್ರಗಳ ಚಿತ್ರ

ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟು 2010ರಲ್ಲಿ ಅಸ್ತಿತ್ವಕ್ಕೆ ಬಂದಾಗ ಯಾದಗಿರಿ ಜಿಲ್ಲೆಯಲ್ಲಿದ್ದುದು ಮೂರೇ ತಾಲ್ಲೂಕು. ಗುರುಮಠಕಲ್, ವಡಗೇರಾ, ಹುಣಸಗಿ ನಂತರ ಸೇರ್ಪಡೆಯಾದವು. ವಿಧಾನಸಭಾ ಕ್ಷೇತ್ರಗಳು ನಾಲ್ಕು. ಚುನಾವಣಾ ಆಯೋಗದ ಪಟ್ಟಿಯಲ್ಲಿ ಸುರಪುರದ ಹೆಸರು ಇಂದಿಗೂ 'ಶೋರಾಪುರ'. ಸುರಪುರ, ಶಹಾಪುರ, ಯಾದಗಿರಿ ರಾಯಚೂರು ಲೋಕಸಭಾ ಕ್ಷೇತ್ರಕ್ಕೂ, ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೂ ಸೇರಿವೆ. ಹೀಗಾಗಿ ಜಿಲ್ಲಾ ಮಟ್ಟದ ಸಮಾರಂಭಕ್ಕೆ ಇಬ್ಬರು ಸಂಸದರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಹೊಂದಿಸುವುದೇ ಅಧಿಕಾರಿಗಳಿಗೆ ಒಂದು ಕೆಲಸ.

ಇಲ್ಲಿನ ರಾಜಕಾರಣದಲ್ಲಿ ಮನೆತನಗಳ ಮುಂದುವರಿಕೆ ಎದ್ದು ಕಾಣುತ್ತದೆ. ಶಹಾಪುರದಿಂದ 2023ರಲ್ಲಿ ಆಯ್ಕೆಯಾಗಿ ಸಿದ್ದರಾಮಯ್ಯ ಸಂಪುಟ ಸೇರಿದ ಶರಣಬಸಪ್ಪ ದರ್ಶನಾಪುರ ಅವರ ತಂದೆ ಬಾಪುಗೌಡ ದರ್ಶನಾಪುರ ಅವರೂ ಸಚಿವರಾಗಿದ್ದವರು. ಗುರುಮಠಕಲ್‌ನಲ್ಲಿ 2018ರಲ್ಲಿ ಗೆದ್ದ ನಾಗನಗೌಡ ಕಂದಕೂರ 2023ರ ಜನವರಿಯಲ್ಲಿ ನಿಧನರಾದರು. ಅದೇ ವರ್ಷದ ಚುನಾವಣೆಯಲ್ಲಿ ಪುತ್ರ ಶರಣಗೌಡ ಕಂದಕೂರ ಆಯ್ಕೆಯಾದರು. ಒಂದು ಊರಿನ ಜಾತ್ರೆಗೆ ತಂದೆ ಬರುತ್ತಿದ್ದರೆ ಮಗನೂ ಬರಬೇಕು ಎಂಬ ನಿರೀಕ್ಷೆ ಇಂತಹ ಕಡೆ ಸಹಜವಾಗಿಯೇ ಬೆಳೆಯುತ್ತದೆ. ಹೊಸಬರಿಗೆ ಆ ಅನುಕೂಲವಿಲ್ಲ, ಆ ಹೊರೆಯೂ ಇಲ್ಲ.

ಅರಮನೆ ಮತ್ತು ಮತಪೆಟ್ಟಿಗೆ

ಈ ವಿಷಯದಲ್ಲಿ ಸುರಪುರದ ಕಥೆಯೇ ಬೇರೆ. ಇಲ್ಲಿ ಜನಪ್ರತಿನಿಧಿಯ ಪಾತ್ರ ಮತ್ತು ಅರಸು ಮನೆತನದ ಪಾತ್ರ ಹಲವು ಬಾರಿ ಒಬ್ಬರಲ್ಲೇ ಸೇರಿಕೊಂಡಿವೆ.

ಗೋಸಲ ವಂಶದ ಬೇಡ ನಾಯಕರು ಆಳಿದ ಸಂಸ್ಥಾನ ಇದು. 1705ರಲ್ಲಿ ವಾಗಿನಗೇರಿ ಕೋಟೆಯ ಮೇಲೆ ಔರಂಗಜೇಬನೇ ಖುದ್ದಾಗಿ ದಂಡೆತ್ತಿ ಬಂದಿದ್ದ. ಪಿಡ್ಡನಾಯಕ ಕೋಟೆ ಬಿಟ್ಟು ಹೊರಟರೂ ಸಂಸ್ಥಾನ ಉಳಿಯಿತು. 1840ರ ದಶಕದಿಂದ 1853ರವರೆಗೆ, ರಾಜಾ ವೆಂಕಟಪ್ಪ ನಾಯಕ ಅಪ್ರಾಪ್ತ ವಯಸ್ಕನಾಗಿದ್ದಾಗ, ಫಿಲಿಪ್ ಮೆಡೋಸ್ ಟೇಲರ್ ಇಲ್ಲಿ ಆಡಳಿತ ನೋಡಿಕೊಂಡ. ಬಾಲರಾಜ ಆತನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು, ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ಮೃತಪಟ್ಟ. ಬಳಿಕ ಸಂಸ್ಥಾನ ನಿಜಾಮನ ಪಾಲಾಯಿತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈ ಇತಿಹಾಸಕ್ಕೆ ಸಾಕ್ಷಿಯಾಗಿ ನಿಂತಿದೆ.

ಆಳ್ವಿಕೆ ಹೋದರೂ ದೇವರ ಕಾರ್ಯದಲ್ಲಿ ಅರಸು ಮನೆತನದ ಸ್ಥಾನ ಹೋಗಲಿಲ್ಲ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಹಾಲೋಕುಳಿ ಮತ್ತು ದೇವರಗಂಬ ಏರುವ ಆಚರಣೆ ಪ್ರಸಿದ್ಧ. ಜಾರುವ ಎತ್ತರದ ಕಂಬಗಳನ್ನು ಯುವಕರು ಏರುತ್ತಿದ್ದರೆ ಕೆಳಗಿನಿಂದ ನೀರು ಎರಚಲಾಗುತ್ತದೆ. ಜಾರಿ ಬೀಳುವವರು, ಮತ್ತೆ ಏರುವವರು, ಸುತ್ತ ನೆರೆದ ಜನರ ಕೇಕೆ. ಸಂಸ್ಥಾನದ ಕಾಲದಿಂದಲೂ ಈ ಉತ್ಸವಕ್ಕೆ ಅರಸು ಮನೆತನದ ಸಾನ್ನಿಧ್ಯ ಮುಖ್ಯ.

ಈ ಮನೆತನದ ರಾಜಾ ವೆಂಕಟಪ್ಪ ನಾಯಕ (1858ರ ವೀರನ ಹೆಸರೇ ಇವರದೂ) 1994, 1999, 2013 ಮತ್ತು 2023ರಲ್ಲಿ ಶಾಸಕರಾಗಿ ಆಯ್ಕೆಯಾದರು. 2024ರ ಫೆಬ್ರುವರಿ 25ರಂದು ಅವರು ನಿಧನರಾದ ಬಳಿಕ ನಡೆದ ಉಪಚುನಾವಣೆಯಲ್ಲಿ ಪುತ್ರ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಮನೆತನದ ಆರಾಧ್ಯ ದೈವದ ಹೆಸರೇ ಶಾಸಕರ ಹೆಸರೂ ಆಗಿದೆ.

ಆದರೆ ದೇವಸ್ಥಾನದ ಗೌರವವೇ ಮತವಾಗುತ್ತದೆ ಎಂದು ತಿಳಿಯುವಂತಿಲ್ಲ. 2004, 2008 ಮತ್ತು 2018ರಲ್ಲಿ ಇದೇ ಕ್ಷೇತ್ರದ ಮತದಾರರು ನರಸಿಂಹ ನಾಯಕ (ರಾಜೂಗೌಡ) ಅವರನ್ನು ಆರಿಸಿದರು. ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾದ ಬೇಡ, ವಾಲ್ಮೀಕಿ ಮುಂತಾದವು ಆ ಪಟ್ಟಿಗೆ ಸೇರಿದ್ದು 1991ರಲ್ಲಿ. ಜಾತ್ರೆಯಲ್ಲಿ ಅರಮನೆಗೆ ಕೈಮುಗಿಯುವುದು ಒಂದು, ಮತಗಟ್ಟೆಯಲ್ಲಿ ಗುಂಡಿ ಒತ್ತುವುದು ಇನ್ನೊಂದು ಎಂಬುದನ್ನು ಸುರಪುರದ ಮತದಾರರು ಚೆನ್ನಾಗಿಯೇ ತೋರಿಸಿಕೊಟ್ಟಿದ್ದಾರೆ.

ಮೈಲಾಪುರದ ಕುರಿಮರಿ

ಹರಕೆಗೂ ಕಾನೂನಿಗೂ ತಾಕಲಾಟ ಬಂದಾಗ ಜನಪ್ರತಿನಿಧಿ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಯಾದಗಿರಿ ತಾಲ್ಲೂಕಿನ ಮೈಲಾಪುರ ಉತ್ತಮ ನಿದರ್ಶನ. ಮಕರ ಸಂಕ್ರಾಂತಿಯಂದು ನಡೆಯುವ ಮಲ್ಲಯ್ಯನ ಜಾತ್ರೆಗೆ ಕರ್ನಾಟಕವಲ್ಲದೆ ನೆರೆಯ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಗಂಗಾಸ್ನಾನಕ್ಕೆ ಹೊರಟ ಪಲ್ಲಕ್ಕಿಯ ಮೇಲೆ ಭಂಡಾರ ಎರಚುತ್ತಾರೆ. ಸರಪಳಿ ಹರಿಯುವ ಆಚರಣೆಯೂ ಉಂಟು. ಇದರ ಜೊತೆಗೆ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವ ಹರಕೆ ಬಹುಕಾಲ ನಡೆದುಬಂದಿತ್ತು. ಕುರಿ ಸಾಕಣೆಯನ್ನೇ ನೆಚ್ಚಿದವರಿಗೆ ಹಿಂಡು ಉಳಿಯಲಿ ಎಂಬ ಪ್ರಾರ್ಥನೆ ಅದು. ಜನಜಂಗುಳಿಯ ಕಾಲ್ತುಳಿತಕ್ಕೆ ಸಿಕ್ಕ ಮರಿಗಳಿಗೆ ಅದೇ ಸಾವು.

ಜಿಲ್ಲಾಡಳಿತ ಈ ಪದ್ಧತಿಯನ್ನು ನಿಷೇಧಿಸಿ, ಮೈಲಾಪುರಕ್ಕೆ ಹೋಗುವ ದಾರಿಗಳಲ್ಲಿ ತಪಾಸಣಾ ಕೇಂದ್ರ ಹಾಕಿ ಭಕ್ತರು ತಂದ ಕುರಿಮರಿಗಳನ್ನು ತಡೆದು ವಶಕ್ಕೆ ಪಡೆಯುವ ಕ್ರಮ ಕೈಗೊಂಡಿತು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಷ್ಟು ಹಳೆಯದು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ತಡೆಯುವ ರಾಜ್ಯದ ಕಾನೂನು ಅದಕ್ಕೂ ಹಿಂದಿನದು, 1959ರದು. ಕಾನೂನಿನಲ್ಲಿ ಗೊಂದಲವಿಲ್ಲ. ಆದರೆ ತಪಾಸಣಾ ಕೇಂದ್ರದಲ್ಲಿ ನಿಂತು ಭಕ್ತರ ಕೈಯಿಂದ ಮರಿ ತೆಗೆದುಕೊಳ್ಳುವವರು ಸಿಬ್ಬಂದಿ, ಪೊಲೀಸರು. ಮತದಾರನ ಸಿಟ್ಟು ಅವರ ಪಾಲಿಗೆ. ಮಾರನೆಯ ದಿನ ಶಾಲು ಹೊದ್ದು ವೇದಿಕೆಯೇರುವ ಜನಪ್ರತಿನಿಧಿಗಳು, ಯಾವ ಪಕ್ಷದವರೇ ಆಗಲಿ, ಜಾತ್ರೆಗೆ ಮುಂಚಿನ ದಿನಗಳಲ್ಲಿ ಹಳ್ಳಿ ಹಳ್ಳಿಗೆ ಹೋಗಿ 'ಮರಿ ತರಬೇಡಿ' ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಆ ಮಾತಿಗೆ ಅಧಿಕಾರಿಯ ಆದೇಶಕ್ಕಿಂತ ಹೆಚ್ಚು ತೂಕವಿದೆ.

ಹಂಚಿಕೊಂಡ ಸಂತರು

ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರ, ಹುಣಸಗಿ ತಾಲ್ಲೂಕಿನ ಕೊಡೇಕಲ್ ಬಸವಣ್ಣ ಇಬ್ಬರಿಗೂ ಹಿಂದೂ, ಮುಸ್ಲಿಂ ಭಕ್ತರಿದ್ದಾರೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾ ಇದೆ. ಆದಿಲಶಾಹಿ ವಂಶದ ಸ್ಥಾಪಕ ಯೂಸುಫ್ ಆದಿಲ್ ಶಾಹನ ಸಮಾಧಿಯೂ ಅಲ್ಲಿಯೇ. ತೇರಿಗೆ ಬಂದ ಶಾಸಕರು ಉರುಸಿಗೂ ಬರುವುದು, ಚಾದರ ಹೊದಿಸುವುದು, ಮೊಹರಂನಲ್ಲಿ ಅಲಾಯಿ ದೇವರಿಗೆ ಕೈಮುಗಿಯುವುದು ಈ ಭಾಗದಲ್ಲಿ ವಿಶೇಷ ಸುದ್ದಿಯಲ್ಲ. ಬಾರದಿದ್ದರೆ ಸುದ್ದಿ.

ಜಯಂತಿಗಳ ಪಂಚಾಂಗ

ಸರ್ಕಾರವೇ ಆಚರಿಸುವ ಜಯಂತಿಗಳು ಹೆಚ್ಚಾದಂತೆ ಶಾಸಕರ ದಿನಚರಿಯೂ ಬದಲಾಗಿದೆ. ಜನವರಿ 21 ಅಂಬಿಗರ ಚೌಡಯ್ಯ, ಫೆಬ್ರುವರಿ 1 ಮಡಿವಾಳ ಮಾಚಿದೇವ, ಫೆಬ್ರುವರಿ 15 ಸಂತ ಸೇವಾಲಾಲ್, ಏಪ್ರಿಲ್ 14 ಅಂಬೇಡ್ಕರ್, ಅಕ್ಷಯ ತೃತೀಯದಂದು ಬಸವ ಜಯಂತಿ, ಶೀಗಿ ಹುಣ್ಣಿಮೆಗೆ ವಾಲ್ಮೀಕಿ, ಬಳಿಕ ಕನಕದಾಸ. ಇವೆಲ್ಲದರ ನಡುವೆ ಸೆಪ್ಟೆಂಬರ್ 17. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಂದಿಗೆ ಸೇರಿದ ದಿನವಾದ್ದರಿಂದ ಇಲ್ಲಿ ಅಂದೂ ಧ್ವಜಾರೋಹಣ ನಡೆಯುತ್ತದೆ. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ಅಂಬಿಗರ ಚೌಡಯ್ಯ ಜಯಂತಿಯ ಮೆರವಣಿಗೆ ಕೋಲಿ, ಕಬ್ಬಲಿಗ ಸಮುದಾಯಕ್ಕೆ, ಸೇವಾಲಾಲ್ ಜಯಂತಿ ತಾಂಡಾಗಳಿಗೆ ತಮ್ಮ ಸಂಖ್ಯೆಯನ್ನೂ ಬೇಡಿಕೆಯನ್ನೂ ತೋರಿಸುವ ದಿನವೂ ಹೌದು.

ತಾಲ್ಲೂಕು ಮಟ್ಟದ ಸರ್ಕಾರಿ ಸಮಾರಂಭಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ, ಮೇಲೆ ಕೆಳಗಾದರೆ 'ಶಿಷ್ಟಾಚಾರ ಉಲ್ಲಂಘನೆ'ಯ ದೂರು ಏಳುತ್ತದೆ. ಕೆಲವೊಮ್ಮೆ ಪ್ರಕರಣ ಹಕ್ಕುಬಾಧ್ಯತಾ ಸಮಿತಿಯವರೆಗೂ ಹೋಗುವುದುಂಟು. ಜಯಂತಿ ಯಾರದು ಎಂಬುದಕ್ಕಿಂತ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಚರ್ಚೆಯೇ ಬಿರುಸಾಗಿರುತ್ತದೆ.

ಅಕ್ಷತೆಯ ಹೊಣೆ

ಸಾಮೂಹಿಕ ವಿವಾಹಗಳು ಬಡ ಕುಟುಂಬಗಳ ಸಾಲದ ಹೊರೆ ತಗ್ಗಿಸುತ್ತವೆ ಎಂಬುದು ನಿರ್ವಿವಾದ. ಮಠಗಳು, ಸಂಘಟನೆಗಳು, ಕೆಲವೊಮ್ಮೆ ರಾಜಕಾರಣಿಗಳೇ ಇವನ್ನು ಏರ್ಪಡಿಸುತ್ತಾರೆ. ಇಲ್ಲಿಯೇ ಅತಿಥಿಗಳ ಎಚ್ಚರ ಅತಿ ಅಗತ್ಯ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ವಧುವಿಗೆ 18, ವರನಿಗೆ 21 ತುಂಬಿರಬೇಕು. ಬಾಲ್ಯವಿವಾಹ ನೆರವೇರಿಸಿದವರಿಗೆ, ಪ್ರೋತ್ಸಾಹಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಶಿಕ್ಷೆ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಕರ್ನಾಟಕದ ತಿದ್ದುಪಡಿಯಂತೆ ಇಂತಹ ವಿವಾಹ ಆರಂಭದಿಂದಲೇ ಅಸಿಂಧು.

ಅಕ್ಷಯ ತೃತೀಯದಂತಹ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾ ದಂಡಾಧಿಕಾರಿಯನ್ನೇ ನಿಷೇಧಾಧಿಕಾರಿಯೆಂದು ಕಾಯ್ದೆ ಪರಿಗಣಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ ನಮ್ಮಲ್ಲಿ ಬಸವ ಜಯಂತಿಯೂ ಅದೇ ದಿನ. ಬೆಳಿಗ್ಗೆ ಜಯಂತಿಯಲ್ಲಿ ಮಾತನಾಡಿದ ಶಾಸಕರು ಮಧ್ಯಾಹ್ನ ಮದುವೆ ಮಂಟಪದಲ್ಲಿರುತ್ತಾರೆ. ನೂರಾರು ಜನರ ನಡುವೆ ಅಕ್ಷತೆ ಹಾಕುವವರಿಗೆ ಪ್ರತಿ ಜೋಡಿಯ ವಯಸ್ಸು ಗೊತ್ತಿರಬೇಕೆಂದು ನಿರೀಕ್ಷಿಸಲಾಗದು. ಆದರೆ ಆಹ್ವಾನ ಒಪ್ಪುವ ಮುನ್ನ ಶಾಲಾ ದಾಖಲೆ, ಜನನ ಪ್ರಮಾಣಪತ್ರಗಳ ಪರಿಶೀಲನೆ ಆಗಿದೆಯೇ ಎಂದು ಆಯೋಜಕರನ್ನು ಕೇಳುವುದು ಕಷ್ಟವೇನಲ್ಲ. 'ಸಾಹೇಬರೇ ಬಂದಿದ್ದರು' ಎಂಬ ಮಾತು ಮುಂದೆ ಎಲ್ಲ ಆಕ್ಷೇಪಣೆಗೂ ಉತ್ತರವಾಗಿಬಿಡುತ್ತದೆ.

ಗುದ್ದಲಿ, ಬಾಗಿನ, ನೀತಿಸಂಹಿತೆ

ರಸ್ತೆ, ಚರಂಡಿ, ಶಾಲಾ ಕೊಠಡಿ, ಸಮುದಾಯ ಭವನ ಯಾವುದಕ್ಕಾದರೂ ಗುದ್ದಲಿ ಪೂಜೆ ಇದ್ದೇ ಇರುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರ ಮೇಲೆ ಎಲ್ಲ ಸಮುದಾಯಗಳ ಕಣ್ಣು. ಚುನಾವಣೆ ಘೋಷಣೆಯಾದ ಕ್ಷಣದಿಂದ ಮಾದರಿ ನೀತಿಸಂಹಿತೆ ಜಾರಿಗೆ ಬರುವುದರಿಂದ ಶಂಕುಸ್ಥಾಪನೆ, ಹೊಸ ಕಾಮಗಾರಿಯ ಭರವಸೆ ನಿಲ್ಲಬೇಕು. ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಅದು ಮತದಾರನ ಧರ್ಮ, ಜಾತಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪಿತ್ತಿತು. 2024ರಲ್ಲಿ ಲೋಕಸಭೆಯ ಜೊತೆಗೇ ಉಪಚುನಾವಣೆಯೂ ಬಂದಿದ್ದರಿಂದ, ಮೇ 7ರ ಮತದಾನಕ್ಕೆ ಮುನ್ನ ಬಂದ ಯುಗಾದಿ, ರಂಜಾನ್, ಅಂಬೇಡ್ಕರ್ ಜಯಂತಿ ಮೂರೂ ಸುರಪುರದಲ್ಲಿ ಸಂಹಿತೆಯ ನೆರಳಿನಲ್ಲೇ ನಡೆದವು.

ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುವುದು ಇನ್ನೊಂದು ಪದ್ಧತಿ. ಮೊರದಲ್ಲಿ ಸೀರೆ, ಕುಪ್ಪಸ, ಬಳೆ, ಅರಿಶಿನ ಕುಂಕುಮವಿಟ್ಟು ನದಿಯನ್ನು ಮುತ್ತೈದೆಯಂತೆ ಗೌರವಿಸುವ, ಮೂಲತಃ ಹೆಂಗಸರ ಆಚರಣೆಯನ್ನು ಈಗ ಬಹುತೇಕ ಗಂಡಸರೇ ತುಂಬಿದ ವೇದಿಕೆ ನೆರವೇರಿಸುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದ ನೀರು ಎಡದಂಡೆ ಕಾಲುವೆ, ಶಹಾಪುರ ಮತ್ತು ಮುಡಬೂಳ ಶಾಖಾ ಕಾಲುವೆಗಳ ಮೂಲಕ ಈ ತಾಲ್ಲೂಕುಗಳ ಹೊಲ ತಲುಪಬೇಕು. ಕಾಲುವೆಯ ಕೊನೆಯ ಭಾಗದ ರೈತನಿಗೆ ಬಾಗಿನಕ್ಕಿಂತ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ತನ್ನ ಶಾಸಕರು ಎಷ್ಟು ದಿನದ ನೀರಿಗೆ ಪಟ್ಟು ಹಿಡಿದರು ಎಂಬುದೇ ಮುಖ್ಯ.

ವೇದಿಕೆಯ ಮೇಲೆ ಕೊಟ್ಟ ಮನವಿ ಪತ್ರಗಳ ಗತಿಯೂ ಹೀಗೆಯೇ. ಹಾರದ ಜೊತೆ ಕೈಗಿಟ್ಟ ಅರ್ಜಿ ಆಪ್ತ ಸಹಾಯಕರ ಚೀಲ ಸೇರುತ್ತದೆ. ಅದಕ್ಕೆ ಸ್ವೀಕೃತಿ ಸಂಖ್ಯೆ ಇರುವುದಿಲ್ಲ. ಅದೇ ಅರ್ಜಿಯ ಇನ್ನೊಂದು ಪ್ರತಿಯನ್ನು ನಾಡಕಚೇರಿಯಲ್ಲಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆದರೆ, ಶಾಸಕರ ಅಧ್ಯಕ್ಷತೆಯಲ್ಲೇ ನಡೆಯುವ ತಾಲ್ಲೂಕು ಪಂಚಾಯ್ತಿಯ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅದರ ಕುರಿತು ಅಧಿಕಾರಿಗಳನ್ನು ಪ್ರಶ್ನಿಸಲು ಆಧಾರ ಸಿಗುತ್ತದೆ.