ಮೇಲ್ಮುದ್ರಿತ ನೋಟುಗಳು

ಈಗಾಗಲೇ ಬಳಕೆಯಲ್ಲಿರುವ ನೋಟಿನ ವಿನ್ಯಾಸಕ್ಕೆ ಹೊಸ ಸರ್ಕಾರದ ಹೆಸರನ್ನೋ ಹೊಸ ಬೆಲೆಯನ್ನೋ ಚಲಾವಣೆಯ ಎಲ್ಲೆಯನ್ನೋ ಸೂಚಿಸುವ ಬರಹವನ್ನು ಸೇರಿಸಿ ಹೊರಡಿಸಿದ ನೋಟುಗಳನ್ನು ಮೇಲ್ಮುದ್ರಿತ ನೋಟುಗಳೆಂದು ಕರೆಯುತ್ತಾರೆ. ದೇಶ ಒಡೆದಾಗ ಅಥವಾ ಆಡಳಿತ ಬದಲಾದಾಗ ಹೊಸ ನೋಟು ಅಚ್ಚಾಗುವವರೆಗೆ ವ್ಯಾಪಾರ ನಿಲ್ಲುವಂತಿಲ್ಲ. ಆಗ ಜನರಿಗೆ ನಂಬಿಕೆಯಿರುವ ಹಳೆಯ ನೋಟೇ ಹೊಸ ಹೆಸರನ್ನು ಹೊತ್ತು ಬರುತ್ತದೆ.

ಬರ್ಮಾ ಮತ್ತು ಪಾಕಿಸ್ತಾನ

1937ರಲ್ಲಿ ಬರ್ಮಾ ಭಾರತದಿಂದ ಬೇರ್ಪಟ್ಟಾಗ, ಐದನೆಯ ಜಾರ್ಜ್ ದೊರೆಯ ಚಿತ್ರವಿದ್ದ ನೋಟುಗಳ ಮೇಲೆ ‘ಬರ್ಮಾದಲ್ಲಿ ಮಾತ್ರ ಚಲಾವಣೆಗೆ’ ಎಂಬ ಅರ್ಥದ ಇಂಗ್ಲಿಷ್ ಬರಹವನ್ನು ಅಚ್ಚೊತ್ತಲಾಯಿತು. ಜಪಾನೀಯರ ಆಕ್ರಮಣ ಕೊನೆಗೊಂಡ 1945ರಲ್ಲಿ ಬ್ರಿಟಿಷ್ ಸೇನಾಡಳಿತವೂ ಇದೇ ಉಪಾಯವನ್ನು ಅನುಸರಿಸಿತು.

ದೇಶವಿಭಜನೆಯಾದಾಗ ಪಾಕಿಸ್ತಾನಕ್ಕೆ ಸ್ವಂತ ನೋಟು ಮುದ್ರಣಾಲಯವಿರಲಿಲ್ಲ. ಹೊಸ ದೇಶದ ಹಣದ ಹೊಣೆಯನ್ನು ಕೆಲಕಾಲ ಭಾರತೀಯ ರಿಸರ್ವ್ ಬ್ಯಾಂಕೇ ಹೊತ್ತಿತ್ತು. 1948ರಲ್ಲಿ, ನಾಸಿಕದಲ್ಲಿ ಮುದ್ರಿತವಾದ 1, 2, 5, 10 ಮತ್ತು 100 ರೂಪಾಯಿಗಳ ನೋಟುಗಳು ‘ಗವರ್ನಮೆಂಟ್ ಆಫ್ ಪಾಕಿಸ್ತಾನ್’ ಎಂಬ ಇಂಗ್ಲಿಷ್ ಬರಹ ಹಾಗೂ ಅದರ ಉರ್ದು ರೂಪದೊಂದಿಗೆ ಅಲ್ಲಿ ಚಲಾವಣೆಗೆ ಬಂದವು. ಆರನೆಯ ಜಾರ್ಜ್ ಕಾಲದ ಮೂಲ ನೋಟುಗಳಲ್ಲಿದ್ದ ಭಾಷಾಪಟ್ಟಿ ಹಾಗೆಯೇ ಉಳಿದುದರಿಂದ, ಪಾಕಿಸ್ತಾನದ ಮೊದಲ ನೋಟುಗಳಲ್ಲಿ ಕನ್ನಡ ಅಕ್ಷರಗಳೂ ಕಾಣುತ್ತವೆ. ಕನ್ನಡಿಗ ಸಂಗ್ರಾಹಕರಿಗೆ ಇದೊಂದು ವಿಶೇಷ ಆಕರ್ಷಣೆ. ಅದೇ ವರ್ಷದ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಉದ್ಘಾಟನೆಯಾಯಿತು.

ಮಲೆನಾಡಿನ ಪೂರ್ವನಿದರ್ಶನ

ಹೈದರಾಬಾದಿನಂತೆ ಮೈಸೂರು ಸಂಸ್ಥಾನಕ್ಕೆ ಸ್ವಂತ ಕಾಗದದ ಹಣವಿರಲಿಲ್ಲ. ಆದ್ದರಿಂದ ಸಂಸ್ಥಾನದ ಶಿಕಾರಿಪುರ, ಸೊರಬ ಸೀಮೆಗಳಲ್ಲಿಯೂ ಮೇಲ್ಮುದ್ರಣವಿಲ್ಲದ ಬ್ರಿಟಿಷ್ ಇಂಡಿಯಾದ ನೋಟುಗಳೇ ನಡೆಯುತ್ತಿದ್ದವು. ಆದರೆ ಹಳೆಯ ಹಣಕ್ಕೆ ಹೊಸ ಗುರುತು ಹಾಕುವ ಪದ್ಧತಿ ಈ ಪ್ರದೇಶಕ್ಕೆ ಹೊಸದಲ್ಲ. ಈ ಭಾಗವನ್ನು ಆಳಿದ ಕೆಳದಿ ಅರಸರ ಇಕ್ಕೇರಿ ವರಾಹದ ಒಂದು ಬದಿಯಲ್ಲಿ ಶಿವಪಾರ್ವತಿಯರ ರೂಪವೂ ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಎಂಬ ಬರಹವೂ ಇದ್ದವು. 1763ರಲ್ಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ ಹೈದರ್ ಅಲಿ ತನ್ನ ವರಾಹದಲ್ಲಿ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಇರಿಸಿದನು. ಇದು ಮರುಟಂಕಿಸಿದ ನಾಣ್ಯವೇ ಹೊರತು ಮೇಲ್ಮುದ್ರಣವಲ್ಲ. ಉದ್ದೇಶ ಮಾತ್ರ ಒಂದೇ.

ಸಂಗ್ರಹ ಮತ್ತು ನಕಲಿ

ಮೂಲ ನೋಟು ಅಗ್ಗ, ಮೇಲ್ಮುದ್ರಿತ ನೋಟು ದುಬಾರಿ. ಎರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಸಾಲು ಶಾಯಿಯಷ್ಟೇ ಆದುದರಿಂದ, ನಿಜವಾದ ಹಳೆಯ ನೋಟಿನ ಮೇಲೆ ಹುಸಿ ಬರಹವನ್ನು ಅಚ್ಚೊತ್ತಿ ಮಾರುವುದು ಸುಲಭ. ಕಾಗದ, ನೀರಚ್ಚು, ಸಹಿಗಳೆಲ್ಲ ಅಸಲಿಯೇ ಆಗಿರುವುದರಿಂದ ಅವುಗಳ ಪರೀಕ್ಷೆಯೊಂದೇ ಸಾಲದು. ಬಳಸಿ ಸವೆದ ನೋಟಿನಲ್ಲಿ ಮಡಿಕೆ ಬಿದ್ದ ಕಡೆ ಮೇಲ್ಮುದ್ರಣದ ಶಾಯಿಯೂ ಸವೆದಿರಬೇಕು. ಅದು ಮಡಿಕೆಯ ಬಿರುಕಿನೊಳಕ್ಕೆ ಹರಿದಿದ್ದರೆ ಅಥವಾ ಕೊಳೆಯ ಮೇಲೆ ಕುಳಿತಿದ್ದರೆ ಬರಹವನ್ನು ಆಮೇಲೆ ಸೇರಿಸಿರುವ ಸಂಭವವೇ ಹೆಚ್ಚು. ಭೂತಗನ್ನಡಿಯಲ್ಲಿ ಇದು ತಿಳಿಯುತ್ತದೆ. ಅಕ್ಷರಗಳ ಆಕಾರ, ಅಂತರ ಹಾಗೂ ನೋಟಿನ ಕ್ರಮಸಂಖ್ಯೆಯನ್ನು ಸಂಗ್ರಾಹಕರ ಕ್ಯಾಟಲಾಗಿನೊಂದಿಗೆ ಹೋಲಿಸಿ ನೋಡುವುದೂ ರೂಢಿಯಲ್ಲಿದೆ. ನೋಟನ್ನು ತೊಳೆಯುವುದಾಗಲಿ ಇಸ್ತ್ರಿ ಮಾಡುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಈ ಕುರುಹುಗಳೇ ಅಳಿದುಹೋಗುತ್ತವೆ.