1961ರ ಬೇಸಿಗೆ, ಸಿಯಾಟಲ್: ಪಿಎಚ್‌ಡಿ ಮುಗಿದ ಮೇಲೆ ಸಿಕ್ಕ ಪ್ರಶ್ನೆ

1961ರ ಬೇಸಿಗೆ. ಸಿಯಾಟಲ್‌ನಲ್ಲಿ ಸ್ಪೇಸ್ ನೀಡ್ಲ್ ಇನ್ನೂ ಪೂರ್ತಿ ಎದ್ದಿರಲಿಲ್ಲ. ಮುಂದಿನ ವರ್ಷದ ವಿಶ್ವ ಮೇಳಕ್ಕೆ ಹೇಗಾದರೂ ಮುಗಿಸಬೇಕು ಅಂತ ಕೆಲಸ ಭರದಿಂದ ನಡೆದಿತ್ತು. ಮೈಕ್ರೋಸಾಫ್ಟ್ ಇರಲಿಲ್ಲ, ನೀವೀಗ ಯುಗಾದಿಗೆ ಹೋಗುವ ಕನ್ನಡ ಸಂಘ ಇರಲಿಲ್ಲ. ಭಾರತದಿಂದ ಬಂದು ನೆಲೆಸಲು ವರ್ಷಕ್ಕೆ ನೂರು ಜನರ ಕೋಟಾ ಇದ್ದ ಕಾಲ ಅದು. ಆ ಕಾನೂನು ಬದಲಾಗಿದ್ದು 1965ರಲ್ಲಿ.

ಆ ಬೇಸಿಗೆಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 24 ವರ್ಷದ ಒಬ್ಬ ಗಣಿತಜ್ಞ ಇದ್ದರು. ಹೆಸರು ವಿ.ಎಸ್. ವರದರಾಜನ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1937ರಲ್ಲಿ. ಮನೆಮಾತು ತಮಿಳು, ಓದಿದ್ದು ಮದ್ರಾಸಿನಲ್ಲಿ. ಪಿಎಚ್‌ಡಿ ಆಗಲೇ ಮುಗಿದಿತ್ತು. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಂಭವನೀಯತೆಯ ಮೇಲೆ, ಅಂದರೆ ಪ್ರಾಬಬಿಲಿಟಿ ಮೇಲೆ, ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದರು. ಲೆಕ್ಕಕ್ಕೆ ಎಲ್ಲ ಆಯ್ತು ಅಂತಲೇ ಅರ್ಥ, ಅಲ್ವಾ?

ಆಗ ಹಾರ್ವರ್ಡ್‌ನಿಂದ ಜಾರ್ಜ್ ಮ್ಯಾಕಿ ಸಿಯಾಟಲ್‌ಗೆ ಬಂದು ಕೆಲವು ಉಪನ್ಯಾಸ ಕೊಟ್ಟರು. ವಿಷಯ, ಗ್ರೂಪ್ ರೆಪ್ರೆಸೆಂಟೇಶನ್ ಮತ್ತು ಕ್ವಾಂಟಮ್ ಸಿದ್ಧಾಂತ. ವರದರಾಜನ್‌ಗೆ ಅದು ಹೊಸ ಲೋಕ. ಎಷ್ಟೋ ವರ್ಷಗಳ ನಂತರ ಮ್ಯಾಕಿಯವರನ್ನು ನೆನೆದು ಬರೆಯುವಾಗ ಅವರು ಶುರು ಮಾಡಿದ್ದು ಆ ಸಿಯಾಟಲ್ ಬೇಸಿಗೆಯಿಂದಲೇ. ಆಮೇಲೆ ಅವರ ಜೀವನವೆಲ್ಲ ಕಳೆದದ್ದು ಲೀ ಗ್ರೂಪ್‌ಗಳ ಜೊತೆ. 1965ರಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿದ್ದರು, 2019ರಲ್ಲಿ ತೀರಿಕೊಂಡರು. ಇವತ್ತು ಜಗತ್ತು ಅವರನ್ನು ನೆನೆಯುವುದು ಹೆಚ್ಚಾಗಿ ಈ ಎರಡನೇ ಕೆಲಸಕ್ಕೆ.

ಈ ಕಥೆ ಈಗ ಯಾಕೆ ಅಂತ ಕೇಳಬಹುದು. ನಿಮ್ಮಲ್ಲಿ ಕೆಲವರು ಮನೆಯಲ್ಲಿ "ಮ್ಯಾತ್ಸ್‌ನಲ್ಲಿ ಪಿಎಚ್‌ಡಿ ಮಾಡ್ತೀನಿ" ಅಂದಿದ್ದೀರಿ, ಅಥವಾ ಅನ್ನಬೇಕು ಅಂತಿದ್ದೀರಿ. ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ, "ಯಾವ ಟಾಪಿಕ್?" ಎರಡನೆಯದು, "ಆಮೇಲೆ ಏನು?" ಇವೆರಡಕ್ಕೂ ಉತ್ತರ ಗೊತ್ತಿಲ್ಲದೆ ನೀವು ತಲೆ ತಗ್ಗಿಸುತ್ತೀರಿ. ಆದರೆ ಈ ಪ್ರಶ್ನೆಗಳಿಗೆ ಮೊದಲೇ ಸರಿಯಾದ ಉತ್ತರ ಇದ್ದವರು ಬಹಳ ಕಡಿಮೆ. ನಮ್ಮ ನೆಲಕ್ಕೆ ಸ್ವಲ್ಪವಾದರೂ ನಂಟಿರುವ ಕೆಲವರನ್ನೇ ನೋಡೋಣ.

ವರದರಾಜನ್ ಅವರ ಗೈಡ್ ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯ ಹಡಗಲಿಯಲ್ಲಿ. ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿ ಅದೇ. ತೆಲುಗು ಮನೆತನದವರು. ಇವರು 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಯಾವ ಕೆಲಸಕ್ಕೆ ಗೊತ್ತಾ? ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು! ಮ್ಯೂಸಿಯಂನಲ್ಲಿ ಮೂಳೆಗಳ ಲೆಕ್ಕ ಹಾಕುತ್ತಲೇ, ಆರ್.ಎ. ಫಿಶರ್ ಅವರ ಬಳಿ 1948ರಲ್ಲಿ ಪಿಎಚ್‌ಡಿ ಮುಗಿಸಿದರು. ಇವತ್ತು ಸಂಖ್ಯಾಶಾಸ್ತ್ರ ಓದುವ ಮಕ್ಕಳು ಪಠ್ಯದಲ್ಲಿ ಕಾಣುವ ಕ್ರಾಮರ್–ರಾವ್ ಅಸಮಾನತೆ ಇದೇ ರಾವ್ ಅವರದು. ಅದು ಅಚ್ಚಾದದ್ದು 1945ರಲ್ಲಿ, ಪಿಎಚ್‌ಡಿಗಿಂತ ಮುಂಚೆ.

ರಾವ್ ಕಲ್ಕತ್ತೆಗೆ ಮರಳಿ ಅಲ್ಲಿನ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ದಿನಗಳಲ್ಲೇ ನಾಲ್ಕು ಹುಡುಗರು ಅಲ್ಲಿ ಸೇರಿದರು: ವರದರಾಜನ್, ರಂಗ ರಾವ್, ಕೆ.ಆರ್. ಪಾರ್ಥಸಾರಥಿ, ಎಸ್.ಆರ್.ಎಸ್. ವರದನ್. ಇವರಲ್ಲಿ ವರದನ್ ಬಂದದ್ದು ಕಾರ್ಖಾನೆಗಳಿಗೆ ಬೇಕಾದ ಸಂಖ್ಯಾಶಾಸ್ತ್ರ ಕಲಿಯೋಣ ಅಂತ. 2007ರಲ್ಲಿ ಅಬೆಲ್ ಪ್ರಶಸ್ತಿ ಬಂದದ್ದು ಶುದ್ಧ ಸಂಭವನೀಯತೆಯ ಕೆಲಸಕ್ಕೆ. ಹೇಳಿಕೊಡುವವರಿಲ್ಲದ ಪುಸ್ತಕಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿ ಕಲಿತ ಗುಂಪು ಇದು. ನನ್ನ ಕೇಳಿದರೆ, ಒಳ್ಳೆಯ ಗೈಡ್ ಸಿಗುವುದಕ್ಕಿಂತ ಒಳ್ಳೆಯ ಸಹಪಾಠಿಗಳು ಸಿಗುವುದೇ ದೊಡ್ಡ ಅದೃಷ್ಟ.

ಇನ್ನೊಬ್ಬರು ಹರೀಶ್-ಚಂದ್ರ. ಕಾನ್ಪುರದವರು. (ಹೆಸರಿನ ನಡುವಿನ ಆ ಅಡ್ಡಗೆರೆ ಯಾವುದೋ ಪತ್ರಿಕೆಯ ಕರಡು ತಿದ್ದುವವರು ಸೇರಿಸಿದ್ದು. ಅವರು ಹಾಗೇ ಇಟ್ಟುಕೊಂಡರು.) 1943ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಐಐಎಸ್‌ಸಿಯಲ್ಲಿ ಹೋಮಿ ಭಾಭಾ ಜೊತೆ ಭೌತಶಾಸ್ತ್ರ ಮಾಡಿದರು. ಅಲಹಾಬಾದಿನಲ್ಲಿ ಫ್ರೆಂಚ್ ಕಲಿಸಿದ್ದ ಶ್ರೀಮತಿ ಕಾಳೆಯವರ ಸಂಸಾರ ಆಗ ಬೆಂಗಳೂರಿನಲ್ಲಿತ್ತು. ಅವರ ಮನೆಯಲ್ಲೇ ಮೊದಲು ಉಳಿದುಕೊಂಡರು. ಆ ಮನೆಯ ಮಗಳು ಲಲಿತಾ ಅವರನ್ನೇ 1952ರಲ್ಲಿ ಮದುವೆಯಾದರು. 1945ರಲ್ಲಿ ಕೇಂಬ್ರಿಜ್‌ಗೆ ಹೋಗಿ, ಡಿರಾಕ್ ಅವರ ಬಳಿ 1947ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು. ಆಮೇಲೆ ಭೌತಶಾಸ್ತ್ರವನ್ನೇ ಬಿಟ್ಟುಬಿಟ್ಟರು! ಅದು ಗೋಜಲು, ಕಟ್ಟುನಿಟ್ಟಿಲ್ಲ ಅಂತ ಅವರ ದೂರು. ಅದನ್ನು ಕೇಳಿದ ಫ್ರೀಮನ್ ಡೈಸನ್, ತಾನು ಗಣಿತ ಬಿಟ್ಟು ಭೌತಶಾಸ್ತ್ರಕ್ಕೆ ಹೋಗುತ್ತಿರುವುದೂ ಅದೇ ಕಾರಣಕ್ಕೆ ಅಂದರಂತೆ.

ಈಗ ಸ್ವಲ್ಪ ಗಣಿತ. ಹೆದರಬೇಡಿ.

ದೋಸೆ ಕಾವಲಿಯ ನಟ್ಟನಡುವೆ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಬಿಸಿಯಾಗಿದೆ ಅಂದುಕೊಳ್ಳಿ. ಶಾಖ ನಿಧಾನವಾಗಿ ಸುತ್ತಲೂ ಹರಡುತ್ತೆ. ಅದೇ ಚುಕ್ಕೆಯಿಂದ ಕುಡಿದವನೊಬ್ಬ ದಿಕ್ಕು ದೆಸೆ ಇಲ್ಲದೆ ನಡೆದರೆ, ಇಷ್ಟು ಹೊತ್ತಿನ ಮೇಲೆ ಎಲ್ಲಿರಬಹುದು? ಎರಡಕ್ಕೂ ಸಮೀಕರಣ ಒಂದೇ. ಶಾಖದ ಹರಿವು ಮತ್ತು ಕುರುಡು ನಡಿಗೆ, ಗಣಿತದಲ್ಲಿ ಅಣ್ಣ ತಮ್ಮ. ಅದನ್ನು ಬಿಡಿಸುವ ದಾರಿ ಫೂರಿಯೇ ತೋರಿಸಿದ್ದು: ತಂಬೂರಿಯ ನಾದವನ್ನು ಬೇರೆ ಬೇರೆ ಸ್ವರಾಂಶಗಳಾಗಿ ಬಿಡಿಸಿದ ಹಾಗೆ, ಶಾಖವನ್ನೂ ಅಲೆಗಳಾಗಿ ಬಿಡಿಸಿ, ಒಂದೊಂದನ್ನೂ ಬೇರೆಯಾಗಿ ನೋಡಿ, ಮತ್ತೆ ಕೂಡಿಸುವುದು.

ಕಾವಲಿ ಚಪ್ಪಟೆ ಇದ್ದರೆ ಇದು ಹಳೆಯ ಕಥೆ. ಆದರೆ ನೆಲವೇ ಬಾಗಿದ್ದರೆ? ಕುದುರೆಯ ಜೀನಿನ ಹಾಗೆ ಎಲ್ಲ ಕಡೆಯೂ ಬಾಗಿದ್ದು, ಎಲ್ಲಿ ನಿಂತರೂ ಒಂದೇ ಥರ ಕಾಣುವ ಜಾಗವಾದರೆ? ಅಲ್ಲಿ ಯಾವ ಅಲೆಗಳನ್ನು ಬಳಸಬೇಕು? ಅಂಥ ಅಲೆಗಳಿಗೆ ಸ್ಫೆರಿಕಲ್ ಫಂಕ್ಷನ್ ಅಂತ ಹೆಸರು. ಅವುಗಳ ಆಳವಾದ ಸಿದ್ಧಾಂತವನ್ನು 1950ರ ದಶಕದಲ್ಲಿ ಕಟ್ಟಿದವರು ಹರೀಶ್-ಚಂದ್ರ. ಹಾಗಾಗಿ, ಯಾದೃಚ್ಛಿಕ ನಡಿಗೆಯ ಹಿಂದೆ ಹೊರಟ ಸಂಭವನೀಯತೆಯವರು ಬಾಗಿದ ಜಾಗಕ್ಕೆ ಕಾಲಿಟ್ಟರೆ, ಹರೀಶ್-ಚಂದ್ರ ಅವರ ಬಾಗಿಲಿಗೇ ಬರಬೇಕು.

ಹಾಗೆ ಬಂದವರಲ್ಲಿ ಒಬ್ಬರು ಸಿಯಾಟಲ್‌ನಲ್ಲೇ ನೆಲೆ ನಿಂತರು. ರಮೇಶ್ ಗಂಗೊಳ್ಳಿ. ಈ ಹೆಸರು ಕೇಳಿದ ಕೂಡಲೇ ಕುಂದಾಪುರದ ಕಡೆಯವರ ಕಿವಿ ನೆಟ್ಟಗಾಗುತ್ತೆ! ಕುಂದಾಪುರದ ಆಚೆ ದಡದಲ್ಲಿ, ಪಂಚಗಂಗಾವಳಿ ಸಮುದ್ರ ಸೇರುವ ಕಡೆ ಇರುವ ಮೀನುಗಾರಿಕೆ ಬಂದರು ಗಂಗೊಳ್ಳಿ. ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ದೇಶ ಸುತ್ತುವುದು ಕರಾವಳಿಯ ಮನೆತನಗಳ ಹಳೆಯ ಪದ್ಧತಿ. ರಮೇಶ್ ಗಂಗೊಳ್ಳಿ 1961ರಲ್ಲಿ, ಅಂದರೆ ಅದೇ ವರ್ಷ, ಎಂಐಟಿಯಲ್ಲಿ ಹೆನ್ರಿ ಮೆಕೀನ್ ಅವರ ಬಳಿ ಪಿಎಚ್‌ಡಿ ಮುಗಿಸಿದರು. ಗೈಡ್ ಸಂಭವನೀಯತೆಯವರು. ಅಲ್ಲಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದರು. 1964ರಲ್ಲಿ 'ಆಕ್ಟಾ ಮ್ಯಾಥಮ್ಯಾಟಿಕಾ' ಪತ್ರಿಕೆಯಲ್ಲಿ ಬಂದ ಅವರ ಲೇಖನ ಇದೇ ಬಾಗಿದ ನೆಲದ ಪ್ರಶ್ನೆಯದು. ಚಪ್ಪಟೆ ಜಾಗದಲ್ಲಿ ಇಂಥ ಯಾದೃಚ್ಛಿಕ ಚಲನೆಗಳನ್ನೆಲ್ಲ ಪಟ್ಟಿ ಮಾಡುವ ಲೆವಿ–ಖಿಂಚಿನ್ ಸೂತ್ರವನ್ನು ಅವರು ಸಿಮೆಟ್ರಿಕ್ ಸ್ಪೇಸ್‌ಗಳಿಗೆ ಕೊಂಡೊಯ್ದರು. ಅದಕ್ಕೆ ಬಳಸಿದ ಸಾಧನ ಹರೀಶ್-ಚಂದ್ರ ಅವರ ಸ್ಫೆರಿಕಲ್ ಫಂಕ್ಷನ್‌ಗಳು. 1988ರಲ್ಲಿ ಗಂಗೊಳ್ಳಿ ಮತ್ತು ವರದರಾಜನ್ ಇಬ್ಬರೂ ಸೇರಿ ಆ ಫಂಕ್ಷನ್‌ಗಳ ಮೇಲೆಯೇ ಒಂದು ಇಡೀ ಪುಸ್ತಕ ಬರೆದರು. ಹರೀಶ್-ಚಂದ್ರ ತೀರಿಕೊಂಡು ಆಗ ಐದು ವರ್ಷವಾಗಿತ್ತು.

ತಂಬೂರಿಯ ಮಾತು ಸುಮ್ಮನೆ ತಂದದ್ದಲ್ಲ. ಸಿಯಾಟಲ್ ಸುತ್ತಮುತ್ತ ಹಿಂದೂಸ್ತಾನಿ, ಕರ್ನಾಟಕ ಸಂಗೀತ ಕಛೇರಿಗಳಿಗೆ ನೀವು ಹೋಗಿದ್ದರೆ 'ರಾಗಮಾಲಾ' ಸಂಸ್ಥೆಯ ಹೆಸರು ಕೇಳಿರುತ್ತೀರಿ. 1980ರ ದಶಕದ ಶುರುವಿನಲ್ಲಿ ಅದನ್ನು ಕಟ್ಟಿದವರಲ್ಲಿ ಈ ಗಂಗೊಳ್ಳಿಯವರೂ ಒಬ್ಬರು.

ಇವತ್ತು ನೀವು ಅದೇ ವಿಭಾಗಕ್ಕೆ ಸೇರಿದರೆ ಏನಾಗುತ್ತೆ? ಲೈಟ್ ರೈಲ್ ಇಳಿದು ಪ್ಯಾಡೆಲ್ಫರ್ಡ್ ಹಾಲ್‌ಗೆ ನಡೆಯುತ್ತೀರಿ. 1961ರಲ್ಲಿ ಆ ಕಟ್ಟಡ ಇರಲಿಲ್ಲ. ಸಾಮಾನ್ಯವಾಗಿ ಫೀಸ್ ಕಟ್ಟಬೇಕಾಗಿಲ್ಲ. ಬಿಎ, ಬಿಎಸ್ ಮಕ್ಕಳಿಗೆ ಪಾಠ ಮಾಡಿ, ಪೇಪರ್ ತಿದ್ದಿದ್ದಕ್ಕೆ ಸ್ಟೈಪೆಂಡ್ ಬರುತ್ತೆ. ಸಿಯಾಟಲ್ ಬಾಡಿಗೆಗೆ ಅದು ಸಾಕಾಗುತ್ತಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಮೊದಲು ಪ್ರಿಲಿಮ್ ಪರೀಕ್ಷೆಗಳು, ಆಮೇಲೆ ಗೈಡ್, ಆಮೇಲೆ ಜನರಲ್ ಎಕ್ಸಾಮ್, ಕೊನೆಗೆ ಫೈನಲ್. ಐದಾರು ವರ್ಷ ಹಿಡಿಯುತ್ತೆ. "ಯಾವ ಟಾಪಿಕ್?" ಅನ್ನುವುದು ಸುಮಾರಾಗಿ ಎರಡನೆಯ, ಮೂರನೆಯ ವರ್ಷದ ಪ್ರಶ್ನೆ. ಮೊದಲ ದಿನದ್ದಲ್ಲ. ಅಮ್ಮನಿಗೆ ಇಷ್ಟು ಹೇಳಿ, ಸದ್ಯಕ್ಕೆ ಸಾಕು. ಅಪ್ಪನ ಎರಡನೆಯ ಪ್ರಶ್ನೆಗೆ ಪಾಠ ಹೇಳುವ ಕೆಲಸವೂ ಉತ್ತರ, ರೆಡ್ಮಂಡ್ ಕಡೆಯ ಕಂಪನಿಗಳೂ ಉತ್ತರ. ಆದರೆ ಪ್ರೊಫೆಸರ್ ಹುದ್ದೆಗಳು ಕಡಿಮೆ, ಅರ್ಜಿಗಳು ಬಹಳ. ಅದನ್ನು ತಿಳಿದೇ ಹೋಗಿ.

ನಾರ್ತ್ ಡಕೋಟಾದ ಒಂದು ವಿಶ್ವವಿದ್ಯಾಲಯದವರು ಗಣಿತದ ಪಿಎಚ್‌ಡಿಗಳ ವಂಶವೃಕ್ಷ ಇಟ್ಟಿದ್ದಾರೆ. ಯಾರು ಯಾರ ಶಿಷ್ಯರು ಅಂತ ಪ್ರವರ ಹೇಳುವ ಹಾಗೆ ಹೇಳುತ್ತೆ. ಗಂಗೊಳ್ಳಿ ಹೆಸರು ಹುಡುಕಿ: ಮೇಲೆ ಮೆಕೀನ್, ಅವರ ಮೇಲೆ ಫೆಲ್ಲರ್, ಕೂರಾಂಟ್, ಹಿಲ್ಬರ್ಟ್. ಹರೀಶ್-ಚಂದ್ರ ಹೆಸರಿನ ಮೇಲೆ ಡಿರಾಕ್. ವರದರಾಜನ್ ಹೆಸರಿನ ಮೇಲೆ ಹಡಗಲಿಯ ರಾವ್, ರಾವ್ ಅವರ ಮೇಲೆ ಫಿಶರ್. ಪಿಎಚ್‌ಡಿ ಆದ ಮೇಲೆ ಸಿಯಾಟಲ್‌ನ ಒಂದು ಕೊಠಡಿಯಲ್ಲಿ ಮಾತಾಡಿದ ಮ್ಯಾಕಿಯ ಹೆಸರು ಆ ಸಾಲಿನಲ್ಲಿ ಇಲ್ಲ.