ಸೈನ್ಯದ ಜೊತೆಗೇ ಮುಗಿದ ಗಣಿತ: ಗೋವೆಯ ಎಂಜಿನಿಯರಿಂಗ್ ಶಿಕ್ಷಣದ ಮೊದಲ ಅಧ್ಯಾಯ

ಭಾರತದಲ್ಲಿ ಎಂಜಿನಿಯರಿಂಗ್ ಗಣಿತದ ಚರಿತ್ರೆಯನ್ನು 1847ರ ರೂರ್ಕಿ ಕಾಲೇಜಿನಿಂದ ಆರಂಭಿಸುವುದು ರೂಢಿ. ಹೆಚ್ಚೆಂದರೆ 1794ರ ಮದ್ರಾಸಿನ ಸರ್ವೆ ಶಾಲೆಯ ಹೆಸರು ಬರುತ್ತದೆ. ಬ್ರಿಟಿಷ್ ಆಳ್ವಿಕೆಯ ಗಡಿಯೊಳಗೇ ನಿಂತ ಈ ನೋಟಕ್ಕೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆ ಕಾಣಿಸುವುದಿಲ್ಲ. ರೂರ್ಕಿಗಿಂತ 30 ವರ್ಷ ಮೊದಲೇ, 1817ರಲ್ಲಿ, ವೈಸ್‌ರಾಯ್ ಕೊಂದೆ ದೊ ರಿಯೊ ಪಾರ್ದೊ ಅವರ ಕಾಲದಲ್ಲಿ ಗೋವೆಯ ಮಿಲಿಟರಿ ಅಕಾಡೆಮಿ ಹುಟ್ಟಿತು. ಮುಂದೆ ಅದಕ್ಕೆ ‘ಗಣಿತ ಮತ್ತು ಮಿಲಿಟರಿ ಶಾಲೆ’ ಎಂಬ ಹೆಸರೇ ಬಂತು. ಹೆಸರಿನಲ್ಲಿ ಸೈನ್ಯಕ್ಕಿಂತ ಮೊದಲು ಗಣಿತ ನಿಂತದ್ದು ಕಾಕತಾಳೀಯವಲ್ಲ.

ಈ ಸಂಸ್ಥೆಯ ಬೇರು ಪೋರ್ಚುಗಲ್‌ನಲ್ಲಿದೆ. 1772ರಲ್ಲಿ ಪೊಂಬಾಲ್ ಮಂತ್ರಿಯ ಸುಧಾರಣೆಯಿಂದ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಗಣಿತ ವಿಭಾಗ ಬಂತು. 1779ರಲ್ಲಿ ಲಿಸ್ಬನ್ನಿನ ನೌಕಾ ಅಕಾಡೆಮಿ, 1790ರಲ್ಲಿ ಕೋಟೆ ನಿರ್ಮಾಣ ಮತ್ತು ತೋಪುಗಾರಿಕೆಯ ಅಕಾಡೆಮಿ, 1810ರಲ್ಲಿ ರಿಯೊ ದ ಜನೈರೊದ ಮಿಲಿಟರಿ ಅಕಾಡೆಮಿ ಶುರುವಾದವು. ಗೋವೆಯದು ಇದೇ ಮನೆತನದ ಕೂಸು. ಕೊಯಿಂಬ್ರಾದ ಪಠ್ಯಗಳಲ್ಲಿ ಮುಖ್ಯವಾದವು ಫ್ರೆಂಚ್ ಗಣಿತಜ್ಞ ಎತಿಯೆನ್ ಬೆಜೂ ಅವರ ಪುಸ್ತಕಗಳು. ಬೆಜೂ ಅವನ್ನು ಮೂಲತಃ ಬರೆದದ್ದು ನೌಕಾದಳದ ಮತ್ತು ತೋಪಿನ ದಳದ ವಿದ್ಯಾರ್ಥಿಗಳಿಗಾಗಿ. ಎಂಜಿನಿಯರನಿಗೆ ಪ್ರಮೇಯಗಳ ಸಾಧನೆಯ ಸೂಕ್ಷ್ಮಕ್ಕಿಂತ ಲೆಕ್ಕ ಮುಖ್ಯ ಎಂಬ ನಿಲುವು ಅಲ್ಲಿಯೇ ಗಟ್ಟಿಯಾಯಿತು. ಅಂಕಗಣಿತ, ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ, ಆಮೇಲೆ ಕಲನಶಾಸ್ತ್ರ, ಕೊನೆಗೆ ಬಲವಿಜ್ಞಾನ ಎಂಬ ಆ ಪರಂಪರೆಯ ಕ್ರಮಕ್ಕೆ ಕಾರಣಗಳಿದ್ದವು. ಕೋಟೆಯ ದಿಬ್ಬಕ್ಕೆ ಎಷ್ಟು ಮಣ್ಣು ಬೇಕು ಎಂದು ತಿಳಿಯಲು ಘನಫಲ ಬೇಕು. ಗುಂಡು ಎಲ್ಲಿ ಬೀಳುತ್ತದೆ ಎಂದು ತಿಳಿಯಲು ವಕ್ರರೇಖೆಯ ಗಣಿತ ಬೇಕು. ಇಂದಿನ ಬಿ.ಇ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಅವಕಲ, ಅನುಕಲ ಎಂದು ಹೆಣಗುವುದು ಈ ಹಳೆಯ ಅಗತ್ಯದ ನೆರಳಿನಲ್ಲೇ.

ಪಣಜಿಯ ಮಗ್ಗುಲಲ್ಲಿ, ರಿಬಂದರಿಗೆ ಹೊಂದಿಕೊಂಡಿರುವ ಚಿಂಬಲ್ ಈ ಕಥೆಗೆ ಓರೆಯಾಗಿ ಸೇರುತ್ತದೆ. 1832ರಲ್ಲಿ ವೈಸ್‌ರಾಯ್ ದೊಂ ಮಾನುವೆಲ್ ದ ಪೋರ್ತುಗಾಲ್ ಇ ಕಾಸ್ತ್ರೊ ಅವರು ಅಕಾಡೆಮಿಯ ಆಶ್ರಯದಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ಎರಡು ವರ್ಷಗಳಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಂಘಗಳನ್ನು ರದ್ದುಮಾಡಿತು. ಮುಚ್ಚಿದವುಗಳಲ್ಲಿ ಚಿಂಬಲ್‌ನ ಕಾರ್ಮೆಲೈಟ್ ಮಠವೂ ಒಂದು. ಅದು ಗೋವೆಯ ಸ್ಥಳೀಯ ಪಾದ್ರಿಗಳದ್ದೇ ಮಠ. ರದ್ದಾದ ಮಠಗಳ ಪುಸ್ತಕಗಳು ಆ ಗ್ರಂಥಾಲಯಕ್ಕೆ ಸೇರಿದವು. ದೇವತಾಶಾಸ್ತ್ರದ ಭಂಡಾರ ಒಡೆದು, ಎಂಜಿನಿಯರುಗಳ ಕಪಾಟಿನಿಂದ ಹುಟ್ಟಿದ ಗ್ರಂಥಾಲಯ ತುಂಬಿತು. ಪಣಜಿಯ ಪಟ್ಟೊದಲ್ಲಿರುವ ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ ಅದರದ್ದೇ ಮುಂದುವರಿಕೆ.

ಅಕಾಡೆಮಿಯ ಬಲವಾಗಿದ್ದ ಸೈನ್ಯದ ನಂಟೇ ಅದರ ದೌರ್ಬಲ್ಯವೂ ಆಗಿತ್ತು. ಗೋವೆಯ ಸೈನ್ಯಾಧಿಕಾರಿಗಳಲ್ಲಿ ‘ದೆಸೆಂದೆಂತೆ’ಗಳ, ಅಂದರೆ ಇಲ್ಲೇ ನೆಲೆಸಿದ ಪೋರ್ಚುಗೀಸ್ ವಂಶಸ್ಥರ, ಪ್ರಾಬಲ್ಯವಿತ್ತು. ಕಲಿಕೆ ಪೋರ್ಚುಗೀಸಿನಲ್ಲಿ, ಕಲಿತವನಿಗೆ ಕೆಲಸ ಕೊಡುವುದು ಮುಖ್ಯವಾಗಿ ಸೈನ್ಯ. 1870–71ರ ಸೈನಿಕ ದಂಗೆಗಳ ನಂತರ ಗೋವೆಯ ಸೈನ್ಯವನ್ನೇ ವಿಸರ್ಜಿಸಿದಾಗ ಶಾಲೆಯೂ 1871ರಲ್ಲಿ ಮುಚ್ಚಿತು. ಊರಿನ ಮಾತಿಗೆ ಇಳಿಯದಿದ್ದ ಆ ಗಣಿತವನ್ನು ಉಳಿಸಿಕೊಳ್ಳುವವರು ಊರಿನಲ್ಲಿ ಇರಲಿಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನೂ ‘ಕ್ಷೇತ್ರಗಣಿತ’ವನ್ನೂ ಕನ್ನಡದಲ್ಲಿ ಬರೆದಿದ್ದ ಸೀಮೆಯ ಪಕ್ಕದಲ್ಲೇ ಇದು ನಡೆದದ್ದು ನನಗೆ ನೋವಿನ ಸಂಗತಿ.

ಮುಂದಿನದು 96 ವರ್ಷಗಳ ಬರಿದು. 1854ರಿಂದ ಇದ್ದ ಲಿಸಿಯಂ ಪ್ರೌಢಶಾಲೆಯ ಮಟ್ಟದ್ದು. 1907ರಲ್ಲಿ ಗೋವೆಯಲ್ಲಿ ಹುಟ್ಟಿದ ಗಣಿತಜ್ಞ ದಾಮೋದರ ಧರ್ಮಾನಂದ ಕೋಸಂಬಿ ಅವರು ಗೋವೆಯ ಹೊರಗೇ, ಪುಣೆಯಲ್ಲಿ, ಆಮೇಲೆ ಅಮೆರಿಕದಲ್ಲಿ ಓದಿ 1929ರಲ್ಲಿ ಹಾರ್ವರ್ಡ್ ಪದವಿ ಪಡೆದರು. ಗೋವೆಗೆ ಎಂಜಿನಿಯರಿಂಗ್ ಕಾಲೇಜು ಮತ್ತೆ ಬಂದದ್ದು ವಿಮೋಚನೆಯ ನಂತರ, 1967ರಲ್ಲಿ, ಬೊಂಬಾಯಿ ವಿಶ್ವವಿದ್ಯಾಲಯದ ಪಠ್ಯಕ್ರಮದೊಂದಿಗೆ. ಹಳೆಯ ಶಾಲೆಯ ನೆನಪಿನ ಎಳೆಯೊಂದೂ ಅದರಲ್ಲಿ ಇರಲಿಲ್ಲ. 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬಂತು.

ಮೈಸೂರಿನ ದಾರಿ ಬೇರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಕಾಲೇಜು ವಿಶ್ವವಿದ್ಯಾಲಯದ ಅಂಗವಾಗಿದ್ದರಿಂದ ಅಲ್ಲಿನ ಗಣಿತ ಒಬ್ಬನೇ ಧಣಿಯನ್ನು ನೆಚ್ಚಬೇಕಾಗಲಿಲ್ಲ. ಅರಸೊತ್ತಿಗೆ ಹೋದರೂ ಪಾಠ ನಿಲ್ಲಲಿಲ್ಲ. ಗೋವೆಯ ಶಾಲೆ ಸೋತದ್ದು ಗಣಿತದ ಮಟ್ಟದಲ್ಲಲ್ಲ, ಇಂಥ ವ್ಯವಸ್ಥೆ ಇಲ್ಲದ್ದರಲ್ಲಿ.

ಚಿಂಬಲ್‌ನ ಇಂದಿರಾನಗರದಲ್ಲಿ ಇಂದು ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳಿವೆ. ಅವರ ಮಕ್ಕಳು ಫರ್ಮಾಗುಡಿಯಲ್ಲಿರುವ ಗೋವೆಯ ಎಂಜಿನಿಯರಿಂಗ್ ಕಾಲೇಜಿನ ತರಗತಿಗೆ ಹೋದರೆ ಅಲ್ಲಿನ ಗಣಿತಕ್ಕೆ 1817ರಷ್ಟು ಹಳೆಯ ಪೂರ್ವಕಥೆ ಇದೆ ಎಂದು ಹೇಳುವ ಕನ್ನಡ ಪುಸ್ತಕ ಇರಬೇಕು. ಪಣಜಿಯ ಪತ್ರಾಗಾರ ಧಾರವಾಡಕ್ಕೆ ದೂರವಲ್ಲ. ಪೋರ್ಚುಗೀಸ್ ಕಲಿತು ಆ ಶಾಲೆಯ ಕಡತಗಳನ್ನು ಓದುವ ಕನ್ನಡ ಸಂಶೋಧಕರು ಮುಂದೆ ಬರಲಿ.